ಐದು ಹೆಬ್ಬೆಟ್ಟಿನ ಕಾಗದ

ಎರಡು ಸಾವಿರದ ಇಸವಿಯ ಆಚೀಚೆ ನಾನು ಬರ್ಮಿಂಗ್‌ಹ್ಯಾಮ್ ಬಳಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದೆ. ಪಾಕಿಸ್ತಾನದ ಗಡಿಬೆಟ್ಟಗಳ ಬುಡಕಟ್ಟಿನವನೊಬ್ಬ ಅಲ್ಲಿ ರೋಗಿಗಳ ಟ್ರಾಲಿ ತಳ್ಳುತ್ತಿದ್ದ. ತಂದೆ ತೀರಿಕೊಂಡರೆಂದು ಊರಿಗೆ ಹೋಗಿ ಬಂದವನನ್ನು, ಪಾಳಿಯ ಪಟ್ಟಿ ಬರೆಯುವ ಹೆಂಗಸು ರಜೆಗೆ ಪುರಾವೆಯಾಗಿ ಮರಣ ಪ್ರಮಾಣಪತ್ರ ಕೇಳಿದಳು. ಅವನ ಊರಿನಲ್ಲಿ ಸರ್ಕಾರಿ ಕಚೇರಿಯೇ ಇರಲಿಲ್ಲ. ಐವರು ಹಿರಿಯರು ಹೆಬ್ಬೆಟ್ಟು ಒತ್ತಿದ ಕಾಗದವನ್ನು ಅವನು ಕೊಟ್ಟ.

“ಇದನ್ನು ಯಾರು ಬೇಕಾದರೂ ಬರೀಬಹುದು,” ಎಂದು ಅವಳು ಅದನ್ನು ಅವನತ್ತಲೇ ತಳ್ಳಿದಳು.

ಅಲ್ಲೇ ನಿಂತಿದ್ದ ನನಗೆ ಮೈ ಉರಿಯಿತು. “ಹೋದ ವರ್ಷ ನಮ್ಮಪ್ಪ ಹೋದಾಗ ನನ್ನ ಹತ್ರ ಯಾವ ಕಾಗದಾನೂ ಕೇಳಲಿಲ್ಲವಲ್ಲ?” ಎಂದೆ.

“ನೀವು ಡಾಕ್ಟರ್,” ಎಂದಳು.

ಅವನಿಗೆ ಎಚ್ಚರಿಕೆಯ ಪತ್ರ ಹೋಯಿತು. ನಾನು ಬರೆದ ದೂರಿಗೆ ಉತ್ತರವೇ ಬರಲಿಲ್ಲ. ಅವನು ಕೆಲಸ ಬಿಟ್ಟು ಟ್ಯಾಕ್ಸಿ ಓಡಿಸತೊಡಗಿದ. ಆ ಹೆಂಗಸನ್ನು ನಾನು ಇಂದಿಗೂ ಕ್ಷಮಿಸಿಲ್ಲ.