ಮೂಸಿ ಕೊಡುವ ಅಂಗಡಿ

ಬೀದಿಯ ತಿರುವಿನಲ್ಲಿದ್ದ ಆರೋಗ್ಯ ಪದಾರ್ಥಗಳ ಅಂಗಡಿಗೆ ಹೆಸರೂ ಇತ್ತು, ಬೋರ್ಡೂ ಇತ್ತು. ಆದರೆ ಜನ ಅದನ್ನು ‘ಮೂಸೋ ಅಕ್ಕನ ಅಂಗಡಿ’ ಎಂದೇ ಕರೆಯುತ್ತಿದ್ದರು. ಅಕ್ಕ ಏನನ್ನೂ ಮೂಸದೆ ಕೊಡುತ್ತಿರಲಿಲ್ಲ. ಅಗಸೆ ಹಿಟ್ಟಾಗಲಿ, ಗಾಣದ ಎಣ್ಣೆಯಾಗಲಿ, ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ತಲೆಯಾಡಿಸಿದ ಮೇಲೆಯೇ ತೂಕಕ್ಕೆ ಕೈ ಹಾಕುತ್ತಿದ್ದಳು. ಎಣ್ಣೆಯಂಶವಿರುವ ಬೀಜಗಳು ನೋಡಲು ಚೆನ್ನಾಗಿದ್ದರೂ ಒಳಗೇ ಕಮಟು ಹಿಡಿದಿರುತ್ತವೆ. ಅದನ್ನು ಮೂಗೇ ಹೇಳಬೇಕು. ಒಮ್ಮೆ ಒಂದು ಮೂಟೆ ಬಾದಾಮಿಯನ್ನು ಬಾಗಿಲಲ್ಲೇ ಮೂಸಿ ವಾಪಸು ಕಳಿಸಿದ್ದಳು. ತಂದವನು, “ತಾಯಿ, ನಿಮಗಿರೋದು ಮೂಗಲ್ಲ, ಪೊಲೀಸ್ ಠಾಣೆ” ಎಂದು ಗೊಣಗಿಕೊಂಡು ಹೋಗಿದ್ದ.

ಕೆಲವು ವರ್ಷಗಳ ಹಿಂದೆ ಅಕ್ಕನಿಗೆ ಕೆಟ್ಟ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳು. ಹಾಗೆಂದು ಅಂಗಡಿ ಮುಚ್ಚಿಕೊಂಡು ಕೂರಲಾಗುತ್ತದೆಯೇ? ಬಾಗಿಲು ತೆಗೆದ ಮೊದಲ ದಿನ, ಕೈ ತಾನಾಗಿಯೇ ಡಬ್ಬಿಯನ್ನು ಮೂಗಿನ ಹತ್ತಿರ ತಂದಿತು. ಬರೀ ಗಾಳಿ. ಗಿರಾಕಿ ಅವಳ ಮುಖವನ್ನೇ ನೋಡುತ್ತಿದ್ದ. ತಲೆಯಾಡಿಸಿಬಿಟ್ಟಳು. ಆಮೇಲೆ ಅದೇ ರೂಢಿಯಾಯಿತು. ಬೇರೆ ಮನೆಯಲ್ಲಿದ್ದ ತಂಗಿಗೂ ಹೇಳಲಿಲ್ಲ.

ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಅಷ್ಟರಲ್ಲಿ ಎದುರಿಗೆ ದೊಡ್ಡ ಸೂಪರ್ ಮಾರ್ಕೆಟ್ ಬಂತು. ಅಕ್ಕ ಅಂಗಡಿ ಮುಚ್ಚುತ್ತೇನೆ ಎಂದಾಗ ಯಾರೂ ಕಾರಣ ಕೇಳಲಿಲ್ಲ. ತಾವೇ ಆ ಕಡೆ ಬೆರಳು ತೋರಿಸಿದರು. ಅಕ್ಕ ಸುಮ್ಮನಿದ್ದಳು. ಸುಮ್ಮನಿದ್ದದ್ದಕ್ಕೆ ಅವಳಿಗೇ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಕೊನೆಯ ದಿನ ತಂಗಿ ಖಾಲಿ ಜಾಡಿಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ಪಕ್ಕದ ಅಂಗಡಿಯ ಟೈಲರ್, ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಬಂದ.

“ಎದುರುಗಡೆಯೋರಿಗೆ ಮೂಗೆಲ್ಲಿದೆ ಅಕ್ಕಾ? ಬರೀ ಬಾಯಿ!”

“ನಾನೂ ಅದನ್ನೇ ಹೇಳ್ತಿರೋದು ಅಣ್ಣಾ,” ಎಂದಳು ತಂಗಿ. “ನಮ್ಮಕ್ಕನ ಮೂಗನ್ನ ಅವರು ಎಲ್ಲಿಂದ ತರ್ತಾರೆ?”

ಅಕ್ಕನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು.

“ಉಳಿದಿರೋ ಅಕ್ರೋಟು ನಂಗೇ ಕೊಟ್ಬಿಡಿ,” ಎಂದ ಟೈಲರ್. “ಮೂಸಿ ಕೊಡಿ ಮತ್ತೆ, ಕೊನೇ ಸಲ!”

ಅಕ್ಕ ಮುಚ್ಚಳ ತೆಗೆದಳು. ಡಬ್ಬಿ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಇನ್ನೊಂದು ಸಲ ತಲೆಯಾಡಿಸಲು ಅವಳಿಂದ ಆಗಲಿಲ್ಲ. ಡಬ್ಬಿಯನ್ನು ಅವನ ಮುಂದೆ ಹಿಡಿದಳು.

“ಇವತ್ತು ನೀವೇ ನೋಡಿ ಅಣ್ಣಾ.”

“ಇದೇನಕ್ಕಾ, ಕೊನೇ ದಿನ ಕೆಲ್ಸ ಬೇರೆಯೋರಿಗೆ ಹಚ್ತಿದ್ದೀಯ?” ತಂಗಿ ನಕ್ಕಳು.

ಟೈಲರ್ ಬಗ್ಗಿ ಮೂಸಿದ. ಹಳೇ ಪೇಂಟ್ ಡಬ್ಬಿ ತೆಗೆದವನ ಹಾಗೆ ಅವನ ಮುಖ ಕಿವುಚಿಕೊಂಡಿತು. ಮರುಕ್ಷಣವೇ ಸರಿ ಮಾಡಿಕೊಂಡ.

“ಫಸ್ಟ್ ಕ್ಲಾಸ್! ಕಟ್ಟಿ, ಕಟ್ಟಿ.”

ಅಷ್ಟು ಬೇಗ ಮುಖ ಸರಿಮಾಡಿಕೊಳ್ಳುವುದು ಅಭ್ಯಾಸವಿದ್ದವರಿಗೆ ಮಾತ್ರ ಬರುತ್ತದೆ. ಅದು ಅಕ್ಕನಿಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತು?

“ಹೋದ ತಿಂಗಳೂ ಹೀಗೇ ಇತ್ತಾ?”

ಟೈಲರ್ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದ. “ಏನೋ, ಸ್ವಲ್ಪ. ನಮ್ಮನೆಯೋಳು ಗಿಡಗಳ ಬುಡಕ್ಕೆ ಹಾಕ್ತಾಳೆ ಬಿಡಿ. ಗಿಡ ಚೆನ್ನಾಗಿ ಬಂದಿದೆ.”

ಅಕ್ಕ ತಂಗಿಯ ಕಡೆ ತಿರುಗಿದಳು.

“ನಂಗೆ ವಾಸ್ನೆ ಗೊತ್ತಾಗಲ್ಲ ಕಣೇ. ಆ ಜ್ವರ ಬಂದಾಗಿಂದ.”

ತಂಗಿಯ ಕೈಯಲ್ಲಿದ್ದ ಜಾಡಿ ಹಾಗೇ ಉಳಿಯಿತು. “ಮಗು ಬಾದಾಮಿ ಪುಡಿ ಹಾಕಿದ ಹಾಲು ಬೇಡ ಅಂತ ಅಳ್ತಿದ್ಲು ಅಕ್ಕಾ. ದೊಡ್ಡಮ್ಮ ಮೂಸಿ ಕಳ್ಸಿರೋದು, ಕುಡಿ ಅಂತ ಗದರಿ ಗದರಿ ಕುಡಿಸಿದ್ನಲ್ಲ!”

ಟೈಲರ್ ಮೆಲ್ಲಗೆ ಹೊರಗೆ ಹೋದ. ಅಕ್ಕ ಅಕ್ರೋಟನ್ನು ಕಸದ ಬುಟ್ಟಿಗೆ ಸುರಿದಳು.

ತಂಗಿ ಕೈಯಲ್ಲಿದ್ದ ಜಾಡಿಯನ್ನು ಕೆಳಗಿಟ್ಟಳು. ಉಳಿದ ಡಬ್ಬಿಗಳನ್ನು ಒಂದೊಂದಾಗಿ ತೆರೆದು ತಾನೇ ಮೂಸತೊಡಗಿದಳು. ಅಕ್ಕ ಕಟ್ಟೆಯ ಈಚೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತು, ಪ್ರತಿ ಸಲವೂ ತಂಗಿಯ ಮುಖವನ್ನೇ ನೋಡಿದಳು.