ಸುಣ್ಣ ಬಳಿದ ರೇಡಿಯೇಟರ್

1936ರಲ್ಲಿ ನಾನು ಸೇಲಂನ ಒಂದು ಖಾಸಗಿ ಬಸ್ ಸರ್ವೀಸಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಶೆಡ್ಡಿನಲ್ಲಿ ಐದು ಬಸ್ಸುಗಳಿದ್ದವು. ನಾಲ್ಕು ಬಯಲಿನಲ್ಲಿ ಓಮಲೂರು, ಧರ್ಮಪುರಿ, ಶಂಕಗಿರಿ ಕಡೆ ಓಡುತ್ತಿದ್ದವು. ಐದನೆಯದು ಎಲ್ಲಕ್ಕಿಂತ ಹಳೆಯದು. ಆದರೂ ಏರ್ಕಾಡ್ ಘಾಟಿಗೆ ಅದೇ ಹೋಗಬೇಕಾಗಿತ್ತು, ಏಕೆಂದರೆ ಅದರ ಗಿಡ್ಡ ಚಾಸಿಸ್, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಮಾತ್ರ ಹೇರ್‌ಪಿನ್ ತಿರುವುಗಳಲ್ಲಿ ಒಂದೇ ಸಲಕ್ಕೆ ತಿರುಗುತ್ತಿತ್ತು.

ಆ ಬಸ್ಸಿನ ಡ್ರೈವರ್ ಮಾದಯ್ಯ. ಧರ್ಮಪುರಿ ಕಡೆಯ ಕುರಿ ಸಾಕುವ ಮನೆತನದವನು. ಆ ಬೇಸಿಗೆಯಲ್ಲಿ ಎರಡು ವಾರದೊಳಗೆ ಅವನ ಬಸ್ಸು ಮೂರು ಸಲ ನೀರು ಕಾದು ಕುದಿದು ಘಾಟಿಯ ನಡುವೆ ನಿಂತಿತು. ಎಸ್ಟೇಟಿನ ಜನ ಗಂಟುಮೂಟೆ ಹೊತ್ತು ಉಳಿದ ದಾರಿ ನಡೆದರು. ಮಾದಯ್ಯ ನೀರು ತುಂಬಿಸದೆಯೇ ಹೊರಡುತ್ತಾನೆ ಎಂದು ಬಸ್ಸುಗಳ ಮಾಲೀಕರಾದ ಮೊದಲಾಳಿ ತೀರ್ಮಾನಿಸಿಬಿಟ್ಟರು. ಮೂರನೆಯ ಸಲದ ಮರುದಿನ ಶೆಡ್ಡಿಗೇ ಬಂದರು.

"ಇನ್ನೊಂದು ದಪ ಗುಡ್ಡದ ಮ್ಯಾಲೆ ಬಸ್ಸು ನಿಂತ್ರೆ ಸ್ಟಿಯರಿಂಗ್ ಬಿಟ್ಟು ಕುರಿ ಮೇಯ್ಸಕ್ಕೋಗು, ತಿಳೀತಾ?"

ಅವರು ಹೋದ ಮೇಲೆ ಮಾದಯ್ಯ ನನ್ನ ಹತ್ತಿರ ಬಂದ.

"ಕುರಿಗೆ ನೀರು ಕುಡ್ಸದು ಒಂದಿನಾನೂ ಮರೀದವ್ನು, ಬಸ್ಸಿಗೆ ಮರೀತೀನಾ ಮೇಸ್ತ್ರಣ್ಣಾ? ಬಾಯಿಮಟ್ಟ ಉಯ್ದು ಓಗಿವ್ನಿ. ಎಲ್ಲೋಯ್ತು ಅಂತ ನೀವೇ ಏಳಿ."

ಎಲ್ಲಿಗೆ ಹೋಯಿತೆಂದು ನನಗೂ ಗೊತ್ತಿರಲಿಲ್ಲ. ಅವನು ಹೇಳುವುದು ನಿಜವೋ ಸುಳ್ಳೋ ಎಂಬುದೂ ಗೊತ್ತಿರಲಿಲ್ಲ. ಅದನ್ನು ಅಳೆದೇ ತಿಳಿಯಬೇಕಿತ್ತು.

ಮರುದಿನ ಬೆಳಗ್ಗೆ ನಾನೇ ರೇಡಿಯೇಟರ್ ತುಂಬಿಸಿದೆ. ಇಂಜಿನ್ನಿನ ಬಿಸಿಯನ್ನು ಹೊತ್ತು ತಂದ ನೀರು ಗಾಳಿಗೆ ತಣಿಯುವುದು ಈ ತಾಮ್ರದ ಪೆಟ್ಟಿಗೆಯಲ್ಲಿ. ಒಟ್ಟು ಒಂದು ಸೀಮೆಎಣ್ಣೆ ಡಬ್ಬದಷ್ಟು ನೀರು ಹಿಡಿಯಿತು. ಕುದಿದು ಉಕ್ಕುವ ನೀರು ಹೊರಬೀಳುವ ಕೊಳವೆಗೆ ರಬ್ಬರ್ ಟ್ಯೂಬು ಸಿಕ್ಕಿಸಿ, ಅದರ ತುದಿಗೆ ಒಂದು ತಗಡಿನ ಡಬ್ಬಿ ಕಟ್ಟಿ, ಮಾದಯ್ಯನ ಪಕ್ಕದಲ್ಲಿ ಕುಳಿತು ಹೊರಟೆ. ಅರ್ಧ ಘಾಟಿಯಲ್ಲೇ ಇಂಜಿನ್ ಏದುಸಿರು ಬಿಡತೊಡಗಿತು. ಬಸ್ಸನ್ನು ನಿಲ್ಲಿಸಿ, ಆರಲು ಬಿಟ್ಟು, ನೀರು ಅಳೆದು ಸುರಿದೆ. ಮೂರು ಪಡಿ ಹಿಡಿಯಿತು. ಡಬ್ಬಿಯಲ್ಲಿ ಸಿಕ್ಕಿದ್ದು ಅರ್ಧ ಪಡಿ. ಆವಿಯಾಗಿ ಹೋದದ್ದು ಇನ್ನರ್ಧ ಎಂದಿಟ್ಟುಕೊಂಡರೂ ಎರಡು ಪಡಿ ನೀರಿಗೆ ಜಾಡಿಲ್ಲ.

ಅಲ್ಲಿಗೆ ಮಾದಯ್ಯ ಸುಳ್ಳು ಹೇಳಿಲ್ಲವೆಂದು ನನಗೆ ಖಚಿತವಾಯಿತು. ಮೊದಲಾಳಿಗೆ ಅದು ಸಾಲಲಿಲ್ಲ. "ತೂತು ತೋರ್ಸು, ನಂಬ್ತೀನಿ. ನಾಳಿದ್ದು ಸಾಯಂಕಾಲದ ಗಂಟ ಟೈಮು" ಎಂದರು.

ತೂತು ಕಾಣಿಸಲಿಲ್ಲ. ಇಂಜಿನ್ ಆಯಿಲ್ ತೆಗೆದು ನೋಡಿದೆ. ನೀರು ಒಳಗೆ ಸೇರಿದ್ದರೆ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಇದು ಕಪ್ಪಗೇ ಇತ್ತು. ನೀರು ಹರಿಯುವ ರಬ್ಬರ್ ಹೋಸುಗಳು ಗಟ್ಟಿಯಾಗಿದ್ದವು. ಒಂದು ಗಂಟೆ ನಿಂತಲ್ಲೇ ಇಂಜಿನ್ ಓಡಿಸಿ ಕೆಳಗೆ ಗೋಣಿಚೀಲ ಹಾಸಿದರೆ ಒಂದು ಹನಿಯೂ ಬೀಳಲಿಲ್ಲ. ದಾರಿಯಲ್ಲಿ ಒಸರುವ ನೀರು ಫ್ಯಾನಿನ ಗಾಳಿಗೂ ಬಿಸಿಗೂ ಆರಿಹೋಗಿ, ಮೇಲೆ ಧೂಳು ಕೂತು, ಗುರುತೇ ಉಳಿಯುತ್ತಿರಲಿಲ್ಲ.

ಆ ಹೊತ್ತಿಗೆ ಮಾದಯ್ಯನ ಹೆಂಡತಿ ಚೆನ್ನಮ್ಮ ತಟ್ಟೆ ಹಿಡಿದು ಶೆಡ್ಡಿಗೆ ಬಂದಳು. ಬಸ್ಸಿಗೆ ಕಣ್ಣಾಗಿದೆ, ಆರತಿ ಎತ್ತಬೇಕು ಎಂದಳು.

"ಇದೇನು ಮದುವೆಗಂಡಾ, ಆರತಿ ಎತ್ತಕ್ಕೆ?" ಎಂದು ಮಾದಯ್ಯ ಗೊಣಗಿದ.

"ನೀನು ಸುಮ್ಕಿರು. ನಿನ್ಗಿಂತ ಇದೇ ವಾಸಿ, ದುಡಿದು ಅನ್ನ ಆಕ್ತೈತೆ."

ಅವಳು ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಬೆರಳಾಡಿಸಿದಳು. ಹಳದಿ ನೀರು ಕೆಂಪಾಯಿತು. ಹುಟ್ಟಿದಾಗಿನಿಂದ ನೋಡಿದ್ದೆ. ಆದರೆ ಅಂದು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನಿಂತೆ.

"ಚೆನ್ನಮ್ಮಾ, ಮನೇಲಿ ಅರಿಶಿನದ ಪುಡಿ ಎಷ್ಟಿದೆ?"

"ಯಾಕಣ್ಣಾ, ಬಸ್ಸಿಗೆ ಅರಿಸ್ನದ ನೀರು ಉಯ್ತೀರಾ?"

ಅರಿಶಿನವನ್ನು ನೀರಿನಲ್ಲಿ ಕುದಿಸಿ, ಪಂಚೆಯಲ್ಲಿ ಸೋಸಿ ರೇಡಿಯೇಟರಿಗೆ ಸುರಿದೆವು. ಹೊರಗಡೆ ರೇಡಿಯೇಟರಿನ ಅಂಚು, ಅಡಿಯ ತೊಟ್ಟಿ, ಹೋಸಿನ ಕಟ್ಟು, ಇಂಜಿನ್ನಿನ ಪಕ್ಕ ಎಲ್ಲಕ್ಕೂ ಸುಣ್ಣ ಬಳಿದು ಒಣಗಿಸಿದೆವು. ನೀರು ಎಲ್ಲಿ ಹೊರಬಂದರೂ ಬಿಳಿಯ ಮೇಲೆ ಕೆಂಪು ಮೂಡಬೇಕು. ನೀರು ಆರಿದರೂ ಬಣ್ಣ ಉಳಿಯುತ್ತದೆ.

ಮೊದಲು ಓಮಲೂರಿನವರೆಗೆ ಸಮತಟ್ಟಾದ ರಸ್ತೆಯಲ್ಲಿ ಹೋಗಿ ಬಂದೆವು. ಸುಣ್ಣ ಬಿಳಿಯಾಗಿಯೇ ಇತ್ತು. ಗಡುವಿನ ದಿನ ಬೆಳಗ್ಗೆ ಘಾಟಿ ಹತ್ತಿದೆವು. ಪ್ರತಿ ತಿರುವಿನ ಆಚೆಗೂ ಬಸ್ ನಿಲ್ಲಿಸಿ ಇಳಿದು ನೋಡುತ್ತಿದ್ದೆ. ಪ್ರಯಾಣಿಕರು ಬೇಸತ್ತರು. "ಮೇಸ್ತ್ರಿ ಬಸ್ಸಿಗೆ ಪೂಜೆ ಮಾಡ್ತಾವ್ನಾ, ಓಡುಸ್ತಾವ್ನಾ?" ಎಂದು ಮೆಣಸು ಕೊಯ್ಯುವ ಒಬ್ಬಾಕೆ ಒಳಗಿನಿಂದ ಕೂಗಿದಳು.

ನಾಲ್ಕನೆಯ ತಿರುವಿನ ನಂತರ ಅಡಿಯ ತೊಟ್ಟಿಯ ಬಲಮೂಲೆಯ ಬೆಸುಗೆಯಲ್ಲಿ ಕೆಂಪು ಗೆರೆ ಕಂಡಿತು, ಕೂದಲೆಳೆಯಷ್ಟು ಸಣ್ಣದು. ಒರೆಸಿ ಮತ್ತೆ ಸುಣ್ಣ ಹಚ್ಚಿದೆ. ನೇರ ರಸ್ತೆಯಲ್ಲಿ ಏನೂ ಇಲ್ಲ. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಜಾಗದಲ್ಲಿ ಅದೇ ಗೆರೆ. ಕಡಿದಾದ ತಿರುವಿನಲ್ಲಿ ಒಂದು ಚಕ್ರ ಮೇಲೆ, ಒಂದು ಕೆಳಗೆ ಆದಾಗ ಚಾಸಿಸ್ ತುಸು ತಿರುಚಿಕೊಳ್ಳುತ್ತದೆ. ಆಗ ಮಾತ್ರ ಬೆಸುಗೆ ಬಾಯಿ ತೆರೆಯುತ್ತಿತ್ತು. ನೇರವಾದೊಡನೆ ಮುಚ್ಚಿಕೊಳ್ಳುತ್ತಿತ್ತು.

ಮಧ್ಯಾಹ್ನ ಶೆಡ್ಡಿಗೆ ಮರಳಿ ಮೊದಲಾಳಿಯನ್ನು ಕರೆಸಿದೆ. ಮಾದಯ್ಯ ಮುಂದಿನ ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿದ. ಅವರ ಕಣ್ಣೆದುರಿಗೇ ಬಿಳಿಯ ಮೇಲೆ ಕೆಂಪು ಹನಿ ಮೂಡಿತು. ಅವರು ಬಗ್ಗಿ ಬೆರಳಿಂದ ಮುಟ್ಟಿ ನೋಡಿದರು.

ಮುಗಿಯಿತು ಎಂದುಕೊಂಡೆ. ಆದರೆ ಆ ಬೆಸುಗೆ ಏಕೆ ಬಿಟ್ಟಿತು? ರೇಡಿಯೇಟರ್ ಬಿಚ್ಚಿದೆವು. ಚಾಸಿಸ್ಸಿನ ತಿರುಚು ರೇಡಿಯೇಟರಿಗೆ ತಟ್ಟಬಾರದೆಂದು ನಡುವೆ ದಪ್ಪ ತೊಗಲಿನ ಬಿಲ್ಲೆಗಳನ್ನು ಇಟ್ಟಿರುತ್ತಾರೆ. ಇಲ್ಲಿ ಬಿಲ್ಲೆಗಳೇ ಇರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಬಿಗಿದಿತ್ತು.

"ಯಾವ ಮುಟ್ಟಾಳ ಲಾ ಇಂಗೆ ಬಿಗ್ದಿರೋನು?" ಎಂದರು ಮೊದಲಾಳಿ, ಮಾದಯ್ಯನ ಕಡೆ ನೋಡುತ್ತಾ.

ಆ ಬೋಲ್ಟುಗಳು ನಮ್ಮ ಶೆಡ್ಡಿನವೇ ಎಂದು ನನಗೆ ಗುರುತು ಸಿಕ್ಕಿತು. ರಿಪೇರಿಗಳನ್ನೆಲ್ಲ ಬರೆದಿಡುವ ನೋಟ್‌ಬುಕ್ ತಂದು ಹಿಂದಕ್ಕೆ ಮಗುಚಿದೆ. ಮೂರು ವರ್ಷದ ಹಿಂದಿನ ಪುಟದಲ್ಲಿ ನನ್ನದೇ ಅಕ್ಷರ: "ರೇಡಿಯೇಟರ್ ಗಡಗಡ ಶಬ್ದ. ಸವೆದ ತೊಗಲು ತೆಗೆದು ನೇರವಾಗಿ ಬಿಗಿ ಮಾಡಿದೆ. ಶಬ್ದ ನಿಂತಿತು."

"ನಾನೇ" ಎಂದು ಪುಟವನ್ನು ಅವರ ಮುಂದೆ ಹಿಡಿದೆ.

ಮೊದಲಾಳಿ ಓದಿದರು. ಆಮೇಲೆ ಮಾದಯ್ಯನ ಕಡೆ ತಿರುಗಿ, "ನಾಳೆ ಎಷ್ಟು ಗಂಟೆಗೆ ಒಂಡ್ತೀಯಾ?" ಎಂದಷ್ಟೇ ಕೇಳಿದರು.

"ಮೇಸ್ತ್ರಣ್ಣ ಬಿಟ್ರೆ ಆರಕ್ಕೆ, ಮೊದಲಾಳಿ."

ಬೆಸುಗೆ ಹಾಕಿಸಿ, ಚಪ್ಪಲಿ ಹೊಲಿಯುವವನಿಂದ ಅಟ್ಟೆಯ ತೊಗಲು ಕತ್ತರಿಸಿ ತಂದು ಬಿಲ್ಲೆಗಳನ್ನು ಕೂರಿಸಿದೆ. ಬಸ್ಸು ಮತ್ತೆ ಘಾಟಿಯಲ್ಲಿ ನಿಲ್ಲಲಿಲ್ಲ. ಸ್ವಲ್ಪ ಗಡಗಡ ಸದ್ದು ಮಾಡುತ್ತಿತ್ತು. ಅದನ್ನು ಹಾಗೆಯೇ ಬಿಟ್ಟೆ.

ಮೂರು ವರ್ಷ ನಾನು ಆ ಕೆಲಸವನ್ನು ಚೆನ್ನಾಗಿ ಮಾಡಿದ ರಿಪೇರಿ ಎಂದೇ ಎಣಿಸಿದ್ದೆ. ಸದ್ದು ನಿಂತ ದಿನವೇ ಬೆಸುಗೆ ಸವೆಯಲು ಶುರುವಾಗಿತ್ತು, ಬೈಗುಳ ತಿಂದವನು ಮಾತ್ರ ಮಾದಯ್ಯ. ಅಂದಿನಿಂದ ಹಳೆಯ ಗಾಡಿ ದೂರು ಹೊತ್ತು ಶೆಡ್ಡಿಗೆ ಬಂದರೆ, ಡ್ರೈವರನ್ನು ಪ್ರಶ್ನಿಸುವ ಮೊದಲು, ಬಾನೆಟ್ ಎತ್ತುವುದಕ್ಕೂ ಮೊದಲು, ನನ್ನ ನೋಟ್‌ಬುಕ್ಕಿನಲ್ಲಿ ಆ ಗಾಡಿಯ ಪುಟಗಳನ್ನು ತೆರೆದು ಓದುತ್ತಿದ್ದೆ.