ಮೈಮೇಲೆ ಬಂದ ಮೆಟಲ್

ನಮ್ಮ ಹೆವಿ ಮೆಟಲ್ ಬ್ಯಾಂಡ್ ಶುರುವಾದಾಗ ಇದ್ದವರ ಪೈಕಿ ಈಗ ಉಳಿದಿರುವವನು ನಾನೊಬ್ಬನೇ. ಮೊದಲ ಗಿಟಾರಿನವನು ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಸೇರಿ ಗಿಟಾರನ್ನು ಅಟ್ಟಕ್ಕೆ ಹಾಕಿದ. ಎರಡನೆಯವನಿಗೆ ಮಾವ ನಾಗಮಂಗಲದಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿಕೊಟ್ಟ. ಪುಣ್ಯಾತ್ಮ ಸಂಗೀತ ಬಿಟ್ಟರೂ ಕಬ್ಬಿಣ ಬಿಡಲಿಲ್ಲ. ಡ್ರಮ್ಸಿಗೆ ಬಂದುಹೋದವರಿಗಂತೂ ಲೆಕ್ಕವಿಲ್ಲ. ಅವರಲ್ಲೊಬ್ಬ ಮದುವೆ ವಾಲಗದವರ ಜೊತೆ ಸೇರಿ ಹೊಟ್ಟೆ ಬಿಟ್ಟುಕೊಂಡು ಸುಖವಾಗಿದ್ದಾನೆ. ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ? ಹೊರಟವರಿಗೆಲ್ಲ ನಾನೇ ಬಿರಿಯಾನಿ ಕೊಡಿಸಿ ಕಳಿಸಿದ್ದೇನೆ. ನನ್ನನ್ನು ಕಳಿಸಿಕೊಡುವವರು ಮಾತ್ರ ಯಾರೂ ಹುಟ್ಟಲಿಲ್ಲ.

ಕೆ.ಆರ್. ಪೇಟೆಯಲ್ಲಿ ನನ್ನದು ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ. ಭಾನುವಾರ ಬಂದರೆ ಪಾಂಡವಪುರದ ಹತ್ತಿರ ನಿಂತುಹೋದ ಒಂದು ಆಲೆಮನೆಯಲ್ಲಿ ಪ್ರಾಕ್ಟೀಸು. ನಮ್ಮ ಹಾಡಿನಲ್ಲಿ ರಾಗವಾಗಿ ಹಾಡುವುದಿಲ್ಲ, ಹೊಟ್ಟೆಯಾಳದಿಂದ ಗುಡುಗಬೇಕು. ಪದ ಹೇಳುವುದಾದರೆ ಹೇಳು, ದನ ಯಾಕೆ ಬೆದರಿಸುತ್ತೀಯ ಎಂದು ನಮ್ಮವ್ವ ಬೈಯುತ್ತಿದ್ದಳು.

ಎಡವಟ್ಟಾದದ್ದು ಮೊದಲ ವರ್ಷವೇ, ಶ್ರೀರಂಗಪಟ್ಟಣದಾಚೆ ಕರಿಘಟ್ಟ ಕಾಣುವ ಒಂದು ಹಳ್ಳಿಯಲ್ಲಿ. ಗಣೇಶನ ಪೆಂಡಾಲಿಗೆ ಆರ್ಕೆಸ್ಟ್ರಾ ಬೇಕೆಂದು ಕರೆಸಿದ್ದರು. ಇನ್ನೂ ಬೆಳಕಿತ್ತು. ನಾನು ಜುಟ್ಟು ಬಿಚ್ಚಿ, ಮಂಡಿ ಬಗ್ಗಿಸಿ, ತಲೆ ಒದರುತ್ತ ಗುಡುಗಿದೆ. ಕೂಗಾಡುತ್ತಿದ್ದ ಹುಡುಗರು ತೆಪ್ಪಗಾದರು. ಒಬ್ಬ ಮುದುಕಿ ಚೊಂಬು ತಂದು ನನ್ನ ಕಾಲಿಗೆ ಅರಿಶಿನದ ನೀರು ಹುಯ್ದಳು, ಕೈಗೆ ಬೇವಿನ ಸೊಪ್ಪು ಕೊಟ್ಟಳು.

"ಯಾವ ದೇವ್ರಪ್ಪ ಬಂದಿರೋದು, ಯೋಳು" ಎಂದಳು.

ನಮ್ಮ ಕಡೆ ದೇವರು ಮೈದುಂಬಿದವರು ಹೀಗೇ ಕೂದಲು ಕೆದರಿ ಹೂಂಕರಿಸುತ್ತಾರೆ. ಅಷ್ಟರಲ್ಲಿ ಜನರೆಲ್ಲ ಎದ್ದು ಕೈಮುಗಿದು ನಿಂತಿದ್ದರು. ಹಾಡು ಇಂಗ್ಲಿಷಿನದು, ನನಗೇ ಅರ್ಧ ಅರ್ಥವಾಗುತ್ತಿರಲಿಲ್ಲ. ನಾನು ಗುಡುಗುತ್ತಲೇ ಹೋದೆ. ಪಕ್ಕದಲ್ಲಿದ್ದ ಯಜಮಾನರೊಬ್ಬರು ಅದಕ್ಕೆ ಅರ್ಥ ಹೇಳಿ, ಅಪ್ಪಣೆಯಾಯಿತು ಎಂದುಬಿಟ್ಟರು.

ಮುಗಿಯಿತು ನನ್ನ ಕತೆ. ಮಾತು ಹಳ್ಳಿಯಿಂದ ಹಳ್ಳಿಗೆ ಹಬ್ಬಿ, ಕರೆಯಲು ಬಂದವರೆಲ್ಲ ಒಂದೇ ಕಂಡೀಷನ್ ಹಾಕತೊಡಗಿದರು: ಬಾರಿಸುವವರು ಯಾರಾದರೂ ಇರಲಿ, ಮೈದುಂಬುವವನು ಮಾತ್ರ ಅವನೇ ಬರಬೇಕು. ಹೊಸದಾಗಿ ಸೇರಿದ ಹುಡುಗರಿಗೆ ವೇದಿಕೆ ಬೇಕು, ವೇದಿಕೆಗೆ ನಾನು ಬೇಕು. ನನಗೆ ಯಾವ ದೇವರೂ ಬರುವುದಿಲ್ಲ ಕಣ್ರಪ್ಪ ಎನ್ನಬೇಕೆಂದು ಪ್ರತಿ ಸಲ ಬಾಯಿ ತೆರೆಯುತ್ತಿದ್ದೆ. ಎದುರಿಗೆ ಮುಗಿದ ಕೈಗಳನ್ನು ಕಂಡು ಮುಚ್ಚುತ್ತಿದ್ದೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಇಷ್ಟಪಟ್ಟು ಕಟ್ಟಿದ ಬ್ಯಾಂಡಿನೊಳಗೇ ನನಗೆ ಉಸಿರು ಕಟ್ಟುತ್ತಿತ್ತು.

ಹೋದ ವರ್ಷ ಗಂಟಲು ಕೈಕೊಟ್ಟಿತು. ಗಂಟಲೊಳಗೆ ಗಂಟುಗಳಾಗಿವೆ, ಹೀಗೇ ಕಿರುಚಿದರೆ ಹಾಡಿರಲಿ, ಮಾತೂ ಹೋಗುತ್ತದೆ ಎಂದರು ಮೈಸೂರಿನ ಡಾಕ್ಟರು. ಹೆಂಡತಿ ಅತ್ತಳು. ನನಗೋ ಒಳಗೊಳಗೇ ಖುಷಿ. ಬಿಡುವುದಕ್ಕೆ ಕೊನೆಗೂ ಒಂದು ನೆಪ ಸಿಕ್ಕಿತ್ತು.

ನಾಗಮಂಗಲದಿಂದ ಒಬ್ಬಳು ಹುಡುಗಿ ಸಿಕ್ಕಳು. ಮೆಡಿಕಲ್ ಸ್ಟೋರಿನಲ್ಲಿ ಕೆಲಸ, ಕಡ್ಡಿಯಂಥ ಮೈ. ಬಾಯಿ ಬಿಟ್ಟರೆ ಮಾತ್ರ ಆಲೆಮನೆಯ ತಗಡು ಅದುರುತ್ತಿತ್ತು. ಗಂಟಲು ಕೆಡದಂತೆ ಗುಡುಗುವುದನ್ನು ಅವಳೇ ಅಭ್ಯಾಸ ಮಾಡಿಕೊಂಡಿದ್ದಳು. ಈ ಸಲದ ಗಣೇಶನಿಗೆ ಅದೇ ಮೊದಲಿನ ಹಳ್ಳಿಯಲ್ಲಿ ಅವಳ ಕೈಗೆ ಮೈಕು ಕೊಟ್ಟು ನಾನು ಕೆಳಗಿಳಿಯುವುದೆಂದು ಮಾತಾಯಿತು. ಊರಿನವರೂ ಗೊಣಗುತ್ತಲೇ ಒಪ್ಪಿದರು.

ಸಂಜೆ ಅವಳು ಹಾಡಿದಳು. ನಾನು ವೇದಿಕೆಯ ಅಂಚಿನಲ್ಲಿ ಸ್ಪೀಕರಿನ ಪಕ್ಕ ನಿಂತು, ಎಷ್ಟೋ ವರ್ಷಗಳ ಮೇಲೆ ನಮ್ಮ ಹಾಡನ್ನು ಬರೀ ಕೇಳಿದೆ. ಎಷ್ಟು ಚೆನ್ನಾಗಿತ್ತು! ಅಷ್ಟರಲ್ಲಿ ನನ್ನ ವಯಸ್ಸಿನವಳೇ ಒಬ್ಬಳು ನಿಂಬೆಹಣ್ಣು ಹಿಡಿದು ವೇದಿಕೆ ಹತ್ತಿ ಬಂದಳು.

"ಅವ್ವ, ಮಗ ಆಸ್ಪತ್ರೇಲಿ ಮಲಗವ್ನೆ. ಉಳ್ಕತಾನಾ, ಯೋಳವ್ವ."

ಹುಡುಗಿ ಹಾಡು ನಿಲ್ಲಿಸಿದಳು. ಗಿಟಾರೂ ನಿಂತಿತು. ಅವಳು ತನ್ನ ಮಾಮೂಲಿ ದನಿಯಲ್ಲಿ, ಮೈಕಿನಲ್ಲೇ ಹೇಳಿದಳು:

"ಅಮ್ಮ, ನನ್ ಮೈಮೇಲೆ ಯಾರೂ ಬಂದಿಲ್ಲ ಕಣಮ್ಮ. ನಾನು ಹಾಡ್ತಿದ್ದೆ, ಅಷ್ಟೆ."

ಇಷ್ಟು ವರ್ಷ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತನ್ನು ಅವಳು ಎಷ್ಟು ಸಲೀಸಾಗಿ ಆಡಿಬಿಟ್ಟಳು! ಆ ತಾಯಿ ನಿಂಬೆಹಣ್ಣು ಹಿಡಿದೇ ನನ್ನ ಕಡೆ ತಿರುಗಿದಳು.

"ನೀನಾದ್ರೂ ಯೋಳಪ್ಪ" ಎಂದಳು.

ಹುಡುಗಿ ಮೈಕನ್ನು ನನ್ನ ಮುಂದೆ ಹಿಡಿದಳು. ಅವಳಂದದ್ದನ್ನೇ ನಾನೂ ಅಂದಿದ್ದರೆ ಸಾಕಿತ್ತು, ಅಲ್ಲಿಗೆ ಬಿಡುಗಡೆ. ಹೇಳಿಬಿಡು ಎಂದು ಅವಳು ಕಣ್ಣಲ್ಲೇ ಒತ್ತಾಯಿಸುತ್ತಿದ್ದಳು. ಆ ತಾಯಿ ನಿಂಬೆಹಣ್ಣು ಹಿಡಿದ ಕೈಗಳನ್ನೇ ಮುಗಿದಳು. ನಾನು ಕಣ್ಣು ಮುಚ್ಚಿ ಗುಡುಗಿದೆ. ಗಂಟಲೊಳಗೆ ಏನೋ ಕಿತ್ತುಬಂದಂತಾಯಿತು, ಬಾಯಿಗೆ ಉಪ್ಪು ರುಚಿ ಬಂತು.

"ಉಳ್ಕತಾನಂತೆ ಕಣವ್ವ" ಎಂದರು ಕೆಳಗಿದ್ದ ಯಾರೋ.

ನಾನು ಹಾಗೆ ಅಂದಿರಲಿಲ್ಲ. ಆ ತಾಯಿ ಹಣ್ಣನ್ನು ಸೆರಗಿಗೆ ಕಟ್ಟಿಕೊಂಡು ಆಸ್ಪತ್ರೆಯ ಕಡೆ ಓಡಿದಳು. ನಮ್ಮ ಹುಡುಗಿ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿ, ಬಸ್ಸು ಹಿಡಿದಳು. ಆಮೇಲೆ ಪ್ರಾಕ್ಟೀಸಿಗೆ ಬರಲಿಲ್ಲ. ಆ ತಾಯಿಯ ಮಗ ಏನಾದನೆಂದು ಯಾರನ್ನೂ ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಬೇರೆ ಹಾಡುವವರನ್ನು ಹುಡುಕೋಣವೇ ಎಂದು ಹುಡುಗರು ಕೇಳಿದರು. ಬೇಡ ಎನ್ನಲು ಹೋದೆ. ದನಿ ಹೊರಡಲಿಲ್ಲ, ತಲೆಯಾಡಿಸಿ ತೋರಿಸಬೇಕಾಯಿತು.